ದವನಕ್ಕೆ ಯೂರಿಯಾ ಕಾಲು ಭಾಗ ಇಳಿಸುವುದು ಹೇಗೆ: ಜೀವಾಣು ಗೊಬ್ಬರದ ಲೆಕ್ಕಾಚಾರ

ತೇರಿನ ದಿನ ಬಾಳೆಹಣ್ಣಿಗೆ ಸಿಕ್ಕಿಸಿ ಎಸೆಯುತ್ತೇವಲ್ಲ, ಅದೇ ದವನದ ಬಗ್ಗೆ ಬರೆಯುತ್ತಿದ್ದೇನೆ. ಕೆಲವು ಕಡೆ ಜವನ ಅಂತಲೂ ಕರೆಯುತ್ತಾರೆ. ಬೆಂಗಳೂರು ಗ್ರಾಮಾಂತರ, ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣಿನಲ್ಲಿ ಚಳಿಗಾಲದ ಬೆಳೆ. ಹಾರಕ್ಕೆ ಕಟ್ಟು ಕಟ್ಟಿ ಮಾರುಕಟ್ಟೆಗೆ ಹೋಗುತ್ತದೆ, ಎಣ್ಣೆ ತೆಗೆಯುವವರೂ ಕೊಳ್ಳುತ್ತಾರೆ. ಮೂರ್ನಾಲ್ಕು ತಿಂಗಳಲ್ಲಿ ಕೈಗೆ ಬರುವ ಬೆಳೆ ಆದ್ದರಿಂದ ಗೊಬ್ಬರದಲ್ಲಿ ಮಾಡಿದ ತಪ್ಪು ಸರಿಮಾಡಿಕೊಳ್ಳಲು ಜಾಸ್ತಿ ಸಮಯ ಸಿಗುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಜೀವಾಣು ಗೊಬ್ಬರ (ಗಿಡಕ್ಕೆ ಪೋಷಕಾಂಶ ಒದಗಿಸುವ ಬದುಕಿರುವ ಬ್ಯಾಕ್ಟೀರಿಯಾ, ಶಿಲೀಂಧ್ರ ಇರುವ ಗೊಬ್ಬರ) ಹಾಕಿದರೆ ಯೂರಿಯಾ ಪೂರ್ತಿ ಬಿಡಬಹುದು ಅಂತ ಯಾರಾದರೂ ಹೇಳಿದರೆ ಮೊದಲ ವರ್ಷವೇ ನಂಬಬೇಡಿ. ಕಾಲು ಭಾಗ ಇಳಿಸಿ, ಸಾಕು. ನಾನು ಉತ್ಸಾಹದಲ್ಲಿ ಮೊದಲ ಸಲವೇ ಅರ್ಧಕ್ಕರ್ಧ ಇಳಿಸಿದ್ದೆ. ನೆಟ್ಟು 25 ದಿನ ಆಗುವಷ್ಟರಲ್ಲಿ ಕೆಳಗಿನ ಎಲೆಗಳೆಲ್ಲ ಹಳದಿ ತಿರುಗಿ, ಪಕ್ಕದ ಹೊಲದವರು ದಿನಾ ಬೆಳಿಗ್ಗೆ ಬದುವಿನ ಮೇಲೆ ನಿಂತು ನೋಡಿಕೊಂಡು ಹೋಗುತ್ತಿದ್ದರು. ಏನೂ ಹೇಳುತ್ತಿರಲಿಲ್ಲ, ಸುಮ್ನೆ ನೋಡುತ್ತಿದ್ದರು, ಅದೇ ಜಾಸ್ತಿ ಆಯಿತು. ಕೊನೆಗೆ ಯೂರಿಯಾ ತಂದು ಚೆಲ್ಲಿದೆ.

ಈ ಕಾಲು ಭಾಗ ಎಲ್ಲಿಂದ ಬಂತು ಅಂದರೆ, ದವನಕ್ಕೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಹೆಕ್ಟೇರಿಗೆ ಸಾರಜನಕ 120, ರಂಜಕ 40, ಪೊಟ್ಯಾಷ್ 40 ಕೆಜಿ. ಅಜೋಸ್ಪಿರಿಲಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಬೇರಿನ ಪಕ್ಕ ಕೊಡುತ್ತದೆ. ಪುಸ್ತಕಗಳಲ್ಲಿ ಇದರ ಲೆಕ್ಕ ಹೆಕ್ಟೇರಿಗೆ 20ರಿಂದ 40 ಕೆಜಿ ಅಂತ ಇರುತ್ತದೆ. 120ರಲ್ಲಿ ಕಾಲು ಭಾಗ ಅಂದರೆ 30, ಸರಿಯಾಗಿ ಮಧ್ಯಕ್ಕೆ ಬಂತು. ಎಲ್ಲ ಚೆನ್ನಾಗಿ ನಡೆದರೆ ಸಿಗುವುದು ಅಷ್ಟು. ಮಣ್ಣು ಒಣಗಿದ್ದರೆ, ಸಾವಯವ ಅಂಶ ಇಲ್ಲದಿದ್ದರೆ ಅಷ್ಟೂ ಸಿಗುವುದಿಲ್ಲ. ಅಜೋಸ್ಪಿರಿಲಂ ಮಾಡುವ ಇನ್ನೊಂದು ಉಪಕಾರವನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದು ಇದ್ದ ಕಡೆ ಬೇರು ಜಾಸ್ತಿ ಕವಲೊಡೆಯುತ್ತದೆ. ಒಂದು ಗಿಡ ಮೆಲ್ಲಗೆ ಕಿತ್ತು ಬೇರನ್ನು ನೀರಿನಲ್ಲಿ ಅಲ್ಲಾಡಿಸಿ ನೋಡಿ, ಕೂದಲಿನಂಥ ಎಳೆ ಎಷ್ಟಿವೆ ಅಂತ. ಹಾಕಿದ ಯೂರಿಯಾವನ್ನೇ ಗಿಡ ಚೆನ್ನಾಗಿ ಎಳೆದುಕೊಳ್ಳುವುದು ಆ ಎಳೆಗಳಿಂದ.

ಯೂರಿಯಾ ಇಳಿಸುವುದರಿಂದ ಸುವಾಸನೆಯ ಬೆಳೆಯಲ್ಲಿ ಇನ್ನೊಂದು ಅನುಕೂಲವೂ ಇದೆ. ದವನದ ಎಲೆ ಬೂದಿ ಬಳಿದ ಹಸಿರು, ಮೇಲೆ ಸಣ್ಣ ನವಿರು ಇರುತ್ತದೆ. ಯೂರಿಯಾ ಅತಿಯಾದ ಮಡಿಯಲ್ಲಿ ಅದೇ ಎಲೆ ಕಡು ಹಸಿರಾಗಿ, ದಂಟು ನೀರು ತುಂಬಿಕೊಂಡು, ಗಿಡ ಉದ್ದ ಬೆಳೆದು ಒಂದರ ಮೇಲೊಂದು ಒರಗುತ್ತದೆ. ತೂಕ ಬರುತ್ತದೆ, ಸುಳ್ಳಲ್ಲ. ಆದರೆ ಕಟ್ಟು ಕಟ್ಟಿ ರಾತ್ರಿ ಇಟ್ಟರೆ ಬೆಳಿಗ್ಗೆ ಒಳಗಿನ ಎಲೆ ಬೆವರಿ ಕಪ್ಪಾಗಿರುತ್ತದೆ. ಹಾರ ಕಟ್ಟುವವರು ಒಂದೇ ಸಲ ಮೋಸ ಹೋಗುತ್ತಾರೆ, ಎರಡನೇ ಸಲ ನಿಮ್ಮ ಕಟ್ಟು ಮುಟ್ಟುವುದಿಲ್ಲ.

ಏನೇನು ತರಬೇಕು

ಮೂರು ಸಾಕು: ಅಜೋಸ್ಪಿರಿಲಂ, ರಂಜಕ ಕರಗಿಸುವ ಬ್ಯಾಕ್ಟೀರಿಯಾ (ಅಂಗಡಿಯಲ್ಲಿ ಪಿಎಸ್‌ಬಿ ಅಂದರೆ ಕೊಡುತ್ತಾರೆ), ಮತ್ತು ಸಸಿಮಡಿಗೆ ವ್ಯಾಮ್ ಎಂಬ ಬೇರು ಶಿಲೀಂಧ್ರ. ರೈಜೋಬಿಯಂ ಬೇಡ. ಅದು ಅವರೆ, ತೊಗರಿ, ಕಡಲೆಯಂಥ ಕಾಳಿನ ಗಿಡಗಳಿಗೆ, ದವನದ ಬೇರಿನಲ್ಲಿ ಅದಕ್ಕೆ ಕೆಲಸವಿಲ್ಲ. ಆದರೂ ಸ್ಟಾಕ್ ಇದೆ ಅಂತ ಕೈಗೆ ತುರುಕುವವರು ಇದ್ದಾರೆ.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಮೈಕ್ರೋಬಿಯಲ್ ಕನ್ಸಾರ್ಷಿಯಂ ಸಿಕ್ಕರೆ ಮೊದಲೆರಡರ ಬದಲು ಅದೊಂದೇ ಬಳಸಬಹುದು. ಸಾರಜನಕ ಹಿಡಿಯುವುದು, ರಂಜಕ ಮತ್ತು ಸತು ಕರಗಿಸುವುದು ಎಲ್ಲ ಒಂದೇ ಪ್ಯಾಕೆಟ್‌ನಲ್ಲಿವೆ. ಬಿಡಿಬಿಡಿಯಾಗಿ ಬೇಕಾದರೆ ಕೃಷಿ ವಿಶ್ವವಿದ್ಯಾಲಯ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ರೈತ ಸಂಪರ್ಕ ಕೇಂದ್ರ ಇಲ್ಲೆಲ್ಲ ಮೊದಲೇ ಕೇಳಿಡಿ. ದವನದ ಬೆಳೆ ಬಗ್ಗೆಯೇ ಸಂಶಯ ಇದ್ದರೆ ಬೆಂಗಳೂರಿನಲ್ಲಿ ಸೀಮ್ಯಾಪ್ ಸಂಶೋಧನಾ ಕೇಂದ್ರ ಇದೆ, ಸುಗಂಧ ಬೆಳೆಗಳೇ ಅವರ ಕೆಲಸ.

ಪ್ಯಾಕೆಟ್ ಕೈಗೆ ಬಂದ ಕೂಡಲೇ ಬೆಲೆ ನೋಡಬೇಡಿ, ತಾರೀಕು ನೋಡಿ. ಒಳಗಿರುವುದು ಜೀವ. ರಸಗೊಬ್ಬರ ನಿಯಂತ್ರಣ ಆದೇಶದಡಿ 2006ರಲ್ಲಿ ಜೀವಾಣು ಗೊಬ್ಬರವನ್ನೂ ತಂದರು. ಅದರ ಪ್ರಕಾರ ಪುಡಿಯಾದರೆ ಒಂದು ಗ್ರಾಂನಲ್ಲಿ ಕನಿಷ್ಠ 5 ಕೋಟಿ, ದ್ರವವಾದರೆ ಒಂದು ಮಿಲಿಲೀಟರ್‌ನಲ್ಲಿ 10 ಕೋಟಿ ಜೀವಕೋಶ ಇರಬೇಕು. ಎಣಿಸಿ ನೋಡಲು ನಮ್ಮಿಂದ ಆಗುವುದಿಲ್ಲ. ಆದರೆ ಪುಡಿಯನ್ನು ಚೀಲದ ಮೇಲಿಂದ ಹಿಸುಕಿ ನೋಡಬಹುದು: ಹಸಿ ಮಣ್ಣಿನ ಹಾಗೆ ಸ್ವಲ್ಪ ತೇವ ಇರಬೇಕು. ಬೂದಿಯ ಹಾಗೆ ಒಣಗಿ ಪುರುಪುರು ಎಂದರೆ ವಾಪಸ್ ಕೊಡಿ. ಒಂದು ವರ್ಷ ನಾನು ಒಂದು ಅಂಗಡಿಯಿಂದ ತಂದಿದ್ದು ತಗಡಿನ ಸೂರಿನ ಕೆಳಗೆ ತಿಂಗಳುಗಟ್ಟಲೆ ಬೆಂದ ಪ್ಯಾಕೆಟ್. ತಾರೀಕು ಇನ್ನೂ ಮುಗಿದಿರಲಿಲ್ಲ, ಒಳಗಿನ ಜೀವ ಮುಗಿದಿತ್ತು ಅನಿಸುತ್ತದೆ, ಏನೂ ವ್ಯತ್ಯಾಸ ಕಾಣಲಿಲ್ಲ. ತಂದ ಮೇಲೆ ನೀವೂ ಬೈಕಿನ ಪೆಟ್ಟಿಗೆಯಲ್ಲೋ ಪಂಪ್‌ಹೌಸ್ ಶೀಟಿನ ಕೆಳಗೋ ಇಡಬೇಡಿ. ಮನೆಯೊಳಗೆ, ನೀರಿನ ಮಡಕೆ ಇರುವ ಮೂಲೆ ಒಳ್ಳೆಯದು. ಯೂರಿಯಾ ಚೀಲದ ಮೇಲೆ ಮಾತ್ರ ಬೇಡ.

ಹತ್ತು ಗುಂಟೆಯ ಲೆಕ್ಕ

ಹೆಕ್ಟೇರ್ ಲೆಕ್ಕ ನಮಗೆ ಯಾಕೆ, ಕಾಲು ಎಕರೆಗೆ ಇಳಿಸಿಕೊಳ್ಳೋಣ. ಎಕರೆಗೆ ಸಾರಜನಕ 48, ರಂಜಕ 16, ಪೊಟ್ಯಾಷ್ 16 ಕೆಜಿ ಆಗುತ್ತದೆ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಅಂದರೆ ಎಕರೆಗೆ ಸುಮಾರು 104 ಕೆಜಿ, ಹತ್ತು ಗುಂಟೆಗೆ 26 ಕೆಜಿ. ಇದರಲ್ಲಿ ಕಾಲು ಭಾಗ ಇಳಿಸಿದರೆ 19.5 ಕೆಜಿ. ಸೂಪರ್ ಫಾಸ್ಫೇಟ್‌ನಲ್ಲಿ ರಂಜಕ 16 ಪಾಲು, ಹತ್ತು ಗುಂಟೆಗೆ 25 ಕೆಜಿ ಬೇಕು, ಅದನ್ನೂ 19 ಕೆಜಿಗೆ ಇಳಿಸಬಹುದು. ಅಂಗಡಿಯ ಪೊಟ್ಯಾಷ್ ಗೊಬ್ಬರದಲ್ಲಿ (ಎಂಒಪಿ) ಪೊಟ್ಯಾಷ್ 60 ಪಾಲು, ಅದು 7 ಕೆಜಿ ಇರಲಿ, ಅದನ್ನು ಮುಟ್ಟಬೇಡಿ. ಈ ಜೀವಾಣುಗಳು ಪೊಟ್ಯಾಷ್ ತಂದು ಕೊಡುವುದಿಲ್ಲ.

ಸೂಪರ್ ಬದಲು ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ) ಹಾಕುವವರು ಗಮನಿಸಿ: ಡಿಎಪಿಯಲ್ಲಿ ಸಾರಜನಕ 18 ಪಾಲು ಇರುತ್ತದೆ, ಅದನ್ನು ಯೂರಿಯಾ ಲೆಕ್ಕದಲ್ಲಿ ಕಳೆಯಿರಿ. ಹೆಚ್ಚಿನವರು ಕಳೆಯುವುದಿಲ್ಲ.

ರಂಜಕದ ವಿಷಯದಲ್ಲಿ ಒಂದು ಮಾತು. ಕೆಂಪು ಮಣ್ಣಿನಲ್ಲಿ ನೀವು ಹಾಕಿದ ರಂಜಕದ ಬಹುಪಾಲು ಕಬ್ಬಿಣ, ಅಲ್ಯೂಮಿನಿಯಂ ಜೊತೆ ಸೇರಿ ಗಟ್ಟಿಯಾಗಿ ಕೂತುಬಿಡುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಪಿಎಸ್‌ಬಿ ಒಂದು ಬಗೆಯ ಹುಳಿ ಬಿಟ್ಟು ಅದನ್ನು ಕರಗಿಸುತ್ತದೆ. ಅಂದರೆ ಅದು ಹೊಸದಾಗಿ ರಂಜಕ ತರುವುದಿಲ್ಲ, ನಿಮ್ಮದೇ ಹಳೇ ಬಾಕಿ ವಸೂಲಿ ಮಾಡಿ ಕೊಡುತ್ತದೆ. ಹತ್ತು ವರ್ಷದಿಂದ ಡಿಎಪಿ ಕಂಡ ತರಕಾರಿ ಹೊಲವಾದರೆ ಬಾಕಿ ಬೇಕಾದಷ್ಟಿರುತ್ತದೆ. ಈಗಷ್ಟೇ ಬೀಡು ಒಡೆದ ಹೊಲವಾದರೆ ವಸೂಲಿಗೆ ಏನೂ ಇರುವುದಿಲ್ಲ, ಅಲ್ಲಿ ಸೂಪರ್ ಇಳಿಸಬೇಡಿ. ಮಣ್ಣು ಪರೀಕ್ಷೆ ಚೀಟಿ ಇದ್ದರೆ ಈ ಗೊಂದಲವೇ ಇರುವುದಿಲ್ಲ. ಅದರಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಅಂತ ಬಂದಿದ್ದರೆ ಈ ವರ್ಷ ಯೂರಿಯಾ ಇಳಿಸುವ ಯೋಚನೆ ಬಿಟ್ಟು ಮೊದಲು ಕೊಟ್ಟಿಗೆ ಗೊಬ್ಬರ ಹೊಡೆಸಿ. ತಿನ್ನಲು ಏನೂ ಇಲ್ಲದ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಬದುಕುವುದಾದರೂ ಹೇಗೆ?

ಸಸಿಮಡಿಯಲ್ಲಿ

ನವೆಂಬರ್ ಮೊದಲರ್ಧದಲ್ಲಿ ಸಸಿಮಡಿ. ಬೀಜ ಹಿಂದಿನ ಬೇಸಿಗೆಯದೇ ಆಗಿರಬೇಕು, ಹಳೆಯದಾದಷ್ಟೂ ಮೊಳಕೆ ಕಡಿಮೆ. ದವನದ ಬೀಜ ಎಷ್ಟು ಸಣ್ಣದು ಅಂದರೆ ಮಾತಾಡುತ್ತಾ ಬಿತ್ತಿದರೆ ಉಸಿರಿಗೇ ಹಾರುತ್ತದೆ. ಬೆಲ್ಲದ ಪಾಕ ಸವರಿ ಜೀವಾಣು ಅಂಟಿಸುವುದೆಲ್ಲ ಇದಕ್ಕೆ ಆಗುವುದಿಲ್ಲ, ಮುದ್ದೆಯಾಗುತ್ತದೆ. ಮರಳಿನ ಜೊತೆ ಬೆರೆಸಿ, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಟ್ಟು, ಆಮೇಲೆ ಮಡಿಯ ಮೇಲೆ ಉದುರಿಸುವುದು ರೂಢಿ. ಮೂರ್ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ.

ವ್ಯಾಮ್ ಹಾಕಬೇಕಾದ್ದು ಇಲ್ಲೇ. ಚದರ ಮೀಟರ್‌ಗೆ 100 ಗ್ರಾಂ. ಬೀಜ ಉದುರಿಸುವ ಮೊದಲು ಮಡಿಯ ಮೇಲ್ಮಣ್ಣು ಎರಡು ಬೆರಳಿನಷ್ಟು ಸರಿಸಿ ಹರಡಿ, ಮತ್ತೆ ಮಣ್ಣು ಮುಚ್ಚಿ. ಇದು ಬದುಕಿರುವ ಬೇರಿನ ಒಳಗೆ ಸೇರಿಕೊಂಡು ಬೆಳೆಯುವ ಶಿಲೀಂಧ್ರ. ಎಳೇ ಬೇರು ಇಳಿಯುವಾಗ ದಾರಿಯಲ್ಲೇ ಸಿಕ್ಕರೆ ಹಿಡಿದುಕೊಳ್ಳುತ್ತದೆ. ದೊಡ್ಡ ಹೊಲಕ್ಕೆ ಆಮೇಲೆ ಚೆಲ್ಲಿದರೆ ದುಡ್ಡು ಜಾಸ್ತಿ, ಫಲ ಕಡಿಮೆ. ಈ ಮಡಿಗೆ ಡಿಎಪಿ ಹಾಕಬೇಡಿ. ರಂಜಕ ಧಾರಾಳವಾಗಿ ಸಿಕ್ಕರೆ ಗಿಡ ಈ ಶಿಲೀಂಧ್ರವನ್ನು ಹತ್ತಿರ ಸೇರಿಸುವುದಿಲ್ಲ.

ಸಸಿ ಬುಡ ಕೊಳೆತು ಮಲಗುವ ರೋಗ ದವನದ ಸಸಿಮಡಿಯಲ್ಲಿ ಹೊಸದೇನಲ್ಲ. ಆಗ ಎಲ್ಲರೂ ತಾಮ್ರದ ಔಷಧಿ ಸುರಿಯುತ್ತಾರೆ. ಸುರಿದರೆ ನೀವು ಹಾಕಿದ ಶಿಲೀಂಧ್ರವೂ ಹೋಗುವ ಅಪಾಯ ಇದೆ. ಮೊದಲೇ ಕೊಟ್ಟಿಗೆ ಗೊಬ್ಬರದಲ್ಲಿ ಟ್ರೈಕೋಡರ್ಮಾ (ರೋಗ ತರುವ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿ ಮಡಿಗೆ ಹಾಕಿ, ನೀರು ತೆಳ್ಳಗೆ ಕೊಡಿ, ಸಂಜೆ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ಅಷ್ಟಾದರೂ ರೋಗ ಹಬ್ಬಿದರೆ ಔಷಧಿ ಹೊಡೆಯಲೇಬೇಕು, ಸಸಿ ಉಳಿಯದೆ ಜೀವಾಣು ಇಟ್ಟುಕೊಂಡು ಏನು ಮಾಡುವುದು.

ನಾಟಿಗೆ ಎಂಟು ದಿನ ಮೊದಲು

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 25 ಕೆಜಿ ತೆಗೆದುಕೊಳ್ಳಿ. ಕೈಗೆ ತೆಗೆದುಕೊಂಡರೆ ಬಿಸಿ ಇರಬಾರದು, ಸಗಣಿ ವಾಸನೆ ಬರಬಾರದು. ಮರದ ನೆರಳಿನಲ್ಲಿ ಹರಡಿ, ಅಜೋಸ್ಪಿರಿಲಂ ಅರ್ಧ ಕೆಜಿ, ಪಿಎಸ್‌ಬಿ ಅರ್ಧ ಕೆಜಿ ಸೇರಿಸಿ ಕೈಯಲ್ಲೇ ಕಲಸಿ. ಒಂದು ಹಿಡಿ ಬೆಲ್ಲ ಕರಗಿಸಿದ ನೀರು ಚಿಮುಕಿಸಿ. ತೇವ ಎಷ್ಟಿರಬೇಕು ಅಂದರೆ, ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಗುಡ್ಡೆ ಮಾಡಿ ಒದ್ದೆ ಗೋಣಿಚೀಲ ಮುಚ್ಚಿ. ದಿನ ಬಿಟ್ಟು ದಿನ ತಿರುವಿ ಹಾಕಿ. ಎಂಟು ದಿನದಲ್ಲಿ ಜೀವಾಣು ತಾನೇ ಹೆಚ್ಚಿಕೊಳ್ಳುತ್ತದೆ. ಕೋಳಿ ಕೆದಕದ ಹಾಗೆ ಏನಾದರೂ ಅಡ್ಡ ಇಡಿ, ನಮ್ಮಲ್ಲಿ ಇದು ಪ್ರತಿ ವರ್ಷದ ರಗಳೆ.

ಅದೇ ಹೊತ್ತಿಗೆ ಹೊಲದಲ್ಲಿ ಕೊನೆಯ ಉಳುಮೆ ಮಾಡಿ, ಸೂಪರ್ ಮತ್ತು ಪೊಟ್ಯಾಷ್ ಮಣ್ಣಿಗೆ ಸೇರಿಸಿಬಿಡಿ. ಹೀಗೆ ಮಾಡಿದರೆ ರಾಸಾಯನಿಕ ಗೊಬ್ಬರಕ್ಕೂ ಜೀವಾಣುವಿಗೂ ನಡುವೆ ಒಂದು ವಾರದ ಅಂತರ ತಾನಾಗಿ ಸಿಗುತ್ತದೆ. ಎರಡನ್ನೂ ಒಂದೇ ಬಾಂಡ್ಲಿಯಲ್ಲಿ ಕಲಸಿ ಚೆಲ್ಲುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಒಂದೇ ಕೂಲಿಯಲ್ಲಿ ಮುಗಿಯಲಿ ಅಂತ. ಉಪ್ಪಿನಂಥ ಗೊಬ್ಬರದ ಹರಳು ಮೈಗೆ ತಾಗಿದರೆ ಬ್ಯಾಕ್ಟೀರಿಯಾ ಅಲ್ಲೇ ಮುಗಿಯುತ್ತದೆ.

ನಾಟಿಯ ದಿನ

ಸಸಿ ಆರರಿಂದ ಎಂಟು ವಾರದ್ದಾಗಿರುತ್ತದೆ. ಬೇರು ಅದ್ದುವುದಕ್ಕೆ ಅಗಲವಾದ ಪ್ಲಾಸ್ಟಿಕ್ ಬುಟ್ಟಿಯಲ್ಲಿ 10-12 ಲೀಟರ್ ಬೋರ್‌ವೆಲ್ ನೀರು, 250 ಗ್ರಾಂ ಅಜೋಸ್ಪಿರಿಲಂ, 250 ಗ್ರಾಂ ಪಿಎಸ್‌ಬಿ, ಒಂದು ಹಿಡಿ ಬೆಲ್ಲ. ನಲ್ಲಿ ನೀರಾದರೆ ಹಿಂದಿನ ರಾತ್ರಿಯೇ ತುಂಬಿ ತೆರೆದಿಡಿ, ಕ್ಲೋರಿನ್ ಹೋಗಲಿ. ಸಸಿಯನ್ನು ಹಿಡಿಹಿಡಿಯಾಗಿ ಬೇರು ಮಾತ್ರ ಮುಳುಗುವ ಹಾಗೆ 15 ನಿಮಿಷ ಬಿಡಿ. ಪುಡಿ ತಳಕ್ಕೆ ಇಳಿಯುತ್ತದೆ, ಆಗಾಗ ಕದಡುತ್ತಿರಬೇಕು. ಬುಟ್ಟಿ ನೆರಳಿನಲ್ಲೇ ಇರಲಿ. ಎಲ್ಲ ಸಸಿ ಒಂದೇ ಸಲ ಅದ್ದಿ ಬದುವಿನ ಮೇಲೆ ಸಾಲಾಗಿ ಇಟ್ಟರೆ ಬೇರು ಒಣಗಿ ಮಾಡಿದ್ದೆಲ್ಲ ದಂಡ, ನೆಡುವವರ ವೇಗಕ್ಕೆ ತಕ್ಕಂತೆ ಅದ್ದಿ ಕೊಡಿ.

ಹೊಲ ಹಿಂದಿನ ದಿನವೇ ನೀರು ಕುಡಿದಿರಬೇಕು. ಕಲಸಿಟ್ಟ ಕೊಟ್ಟಿಗೆ ಗೊಬ್ಬರವನ್ನು ಬಿಸಿಲು ಇಳಿದ ಮೇಲೆ, ನಾಲ್ಕೂವರೆ ಐದರ ನಂತರ ಚೆಲ್ಲಿ, ಮೇಲೆ ಸ್ವಲ್ಪ ಮಣ್ಣು ಎಳೆದು, ತೆಳ್ಳಗೆ ನೀರು ಬಿಡಿ. ಮಧ್ಯಾಹ್ನ ಚೆಲ್ಲಿದರೆ ಸುಮ್ನೆ ಚೆಲ್ಲಿದಂತೆ.

ಆಮೇಲೆ ಹತ್ತು-ಹನ್ನೆರಡು ದಿನ ಹೊಲಕ್ಕೆ ಯೂರಿಯಾ ತರಲೇಬೇಡಿ. ಆಮೇಲೆ 19.5 ಕೆಜಿಯನ್ನು ಮೂರು ಪಾಲು ಮಾಡಿ. ನಾನು 12ನೇ ದಿನ, 25ನೇ ದಿನ, 40ನೇ ದಿನ ಹಾಕುತ್ತೇನೆ, ಪ್ರತಿ ಸಲ ಆರೂವರೆ ಕೆಜಿ. ಇಬ್ಬನಿ ಆರಿದ ಮೇಲೆ ಸಾಲಿನ ನಡುವೆ ಹಾಕಿ, ಕೂಡಲೇ ನೀರು ಕೊಡಿ. ಎಲೆ ಒದ್ದೆ ಇರುವಾಗ ಹಾಕಿದರೆ ಕಾಳು ಅಂಟಿ ಸುಟ್ಟ ಚುಕ್ಕೆ ಬೀಳುತ್ತದೆ, ಹಾರಕ್ಕೆ ಹೋಗುವ ಎಲೆಯಲ್ಲಿ ಚುಕ್ಕೆ ಇದ್ದರೆ ಯಾರೂ ಕೊಳ್ಳುವುದಿಲ್ಲ.

ಕೆಲಸ ಮಾಡಿತೋ ಇಲ್ಲವೋ ತಿಳಿಯುವುದು

ಇದನ್ನು ಯಾರೂ ಮಾಡುವುದಿಲ್ಲ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಹತ್ತು ಗುಂಟೆಯಲ್ಲಿ ಎಂಟು ಗುಂಟೆಗೆ ಜೀವಾಣು ಮತ್ತು ಇಳಿಸಿದ ಗೊಬ್ಬರ ಹಾಕಿ. ಒಂದು ಗುಂಟೆಗೆ, ಅಂದರೆ 33 ಅಡಿ ಉದ್ದ 33 ಅಡಿ ಅಗಲ, ಜೀವಾಣು ಹಾಕದೆ ಪೂರ್ತಿ ಗೊಬ್ಬರ ಕೊಡಿ, ಯೂರಿಯಾ ಒಟ್ಟು 2.6 ಕೆಜಿ. ಉಳಿದ ಒಂದು ಗುಂಟೆಗೆ ಗೊಬ್ಬರ ಇಳಿಸಿ, ಜೀವಾಣುವೂ ಬೇಡ, ಅಲ್ಲಿ ಯೂರಿಯಾ ಎರಡು ಕೆಜಿಗೆ ಒಂದು ಹಿಡಿ ಕಡಿಮೆ. ಈ ಎರಡು ಗುಂಟೆಯ ಸಸಿ ಬೇರು ಅದ್ದುವ ಮೊದಲೇ ತೆಗೆದಿಡಿ. ಗೂಟ ಹೊಡೆದು ಗುರುತು ಮಾಡಿ, ಮರೆಯುತ್ತೇವೆ. ನಡುವೆ ಬದು ಕಟ್ಟಿ ನೀರು ಬೇರೆಬೇರೆ ಬಿಡಿ. ಒಂದರ ನೀರು ಇನ್ನೊಂದಕ್ಕೆ ಹರಿದರೆ ಯೂರಿಯಾವೂ ಹೋಯಿತು, ಬ್ಯಾಕ್ಟೀರಿಯಾವೂ ಹೋಯಿತು.

ಕೊನೆಯ ಆ ಒಂದು ಗುಂಟೆ ಯಾಕೆ ಅಂತ ಕೇಳಬಹುದು. ಪೂರ್ತಿ ಗೊಬ್ಬರದ ಬೆಳೆಗೂ ಜೀವಾಣು ಹಾಕಿದ ಬೆಳೆಗೂ ತೂಕ ಸಮ ಬಂತು ಅಂದುಕೊಳ್ಳಿ. ಜೀವಾಣು ಕೆಲಸ ಮಾಡಿತು ಅಂತ ಖುಷಿ ಪಡುತ್ತೀರಿ. ಆದರೆ ನೀವು ಇಷ್ಟು ವರ್ಷ ಯೂರಿಯಾವನ್ನೇ ಜಾಸ್ತಿ ಸುರಿಯುತ್ತಿದ್ದಿರಬಹುದು ಅಲ್ವಾ? ಜೀವಾಣು ಇಲ್ಲದೆ ಇಳಿಸಿದ ಗುಂಟೆಯೂ ಅಷ್ಟೇ ತೂಗಿದರೆ ಗುಟ್ಟು ಬಯಲಾಯಿತು. ನಮ್ಮ ಹೊಲದಲ್ಲಿ ಆದದ್ದು ಹೆಚ್ಚುಕಡಿಮೆ ಹಾಗೇ. ಬರೀ ಇಳಿಸಿದ ಗುಂಟೆ ಪೂರ್ತಿ ಗೊಬ್ಬರದ್ದಕ್ಕಿಂತ ತೂಕದಲ್ಲಿ ಸ್ವಲ್ಪವೇ ಹಿಂದೆ ಬಿತ್ತು. ಜೀವಾಣು ಹಾಕಿದ್ದು ಆ ಸ್ವಲ್ಪವನ್ನು ತುಂಬಿಕೊಟ್ಟಿತು. ಪವಾಡ ಏನೂ ಆಗಲಿಲ್ಲ. ಕಟ್ಟು ಮಾತ್ರ ಗಟ್ಟಿಯಾಗಿ ಬಂತು.

ತೂಗುವಾಗ ಮೂರೂ ಕಡೆಯಿಂದ ಒಂದೇ ದಿನ, ಒಂದೇ ಹೊತ್ತಿನಲ್ಲಿ ಕೊಯ್ದು ತೂಗಿ. ಬೆಳಿಗ್ಗೆ ಇಬ್ಬನಿ ಹೊತ್ತ ದವನಕ್ಕೂ ಹನ್ನೊಂದು ಗಂಟೆಯ ದವನಕ್ಕೂ ತಕ್ಕಡಿಯಲ್ಲಿ ಬಹಳ ವ್ಯತ್ಯಾಸ. ಒಂದೊಂದು ಕಡೆಯ ಒಂದು ಕಟ್ಟು ಗುರುತು ಹಾಕಿ ಮನೆಯಲ್ಲಿ ಎರಡು ದಿನ ಇಡಿ. ಯಾವುದು ಮೊದಲು ಕಪ್ಪಾಯಿತು, ಮೂಸಿದರೆ ಯಾವುದರಲ್ಲಿ ಇನ್ನೂ ಘಮ ಇದೆ, ಮನೆಯವರ ಕೈಲಿ ಹೇಳಿಸಿ. ನೀವೇ ಹೇಳಿದರೆ ನಿಮ್ಮ ಕಡೆಗೇ ಹೇಳಿಕೊಳ್ಳುತ್ತೀರಿ.

ಬೇರೆ ಸೊಪ್ಪಿಗೆ

ಕೊತ್ತಂಬರಿಗೂ ಇದೇ ಕ್ರಮ, ಆದರೆ ಇಲ್ಲಿ ಬೀಜಕ್ಕೇ ಅಂಟಿಸಬಹುದು. ಧನಿಯಾವನ್ನು ಎರಡು ಹೋಳು ಮಾಡಿ, ಆರಿದ ಬೆಲ್ಲದ ನೀರು ಚಿಮುಕಿಸಿ, ಎಕರೆಯ ಬೀಜಕ್ಕೆ 500-600 ಗ್ರಾಂ ಅಜೋಸ್ಪಿರಿಲಂ ಬೆರೆಸಿ, ನೆರಳಲ್ಲಿ ಅರ್ಧ ಗಂಟೆ ಆರಿಸಿ ಅವತ್ತೇ ಬಿತ್ತಿ. ಬಣ್ಣ ಹಚ್ಚಿ ಔಷಧಿ ಲೇಪಿಸಿದ ಅಂಗಡಿ ಬೀಜಕ್ಕೆ ಇದು ನಡೆಯುವುದಿಲ್ಲ, ಅಲ್ಲಿ ಮಣ್ಣಿಗೇ ಹಾಕಿ. ನಲವತ್ತು-ನಲವತ್ತೈದು ದಿನದ ಬೆಳೆ, ಜೀವಾಣು ಕುದುರಿಕೊಳ್ಳುವಷ್ಟರಲ್ಲಿ ಕಿತ್ತು ಆಗಿರುತ್ತದೆ. ಹಾಗಾಗಿ ಕೊತ್ತಂಬರಿಯಲ್ಲಿ ನಾನು ಕಾಲು ಭಾಗವೂ ಇಳಿಸುವುದಿಲ್ಲ. ಪುದೀನ, ನಿಂಬೆಹುಲ್ಲು ಹಾಗಲ್ಲ. ಕೊಯ್ದಷ್ಟೂ ಚಿಗುರುತ್ತವೆ, ನಿಂಬೆಹುಲ್ಲು ನಾಲ್ಕೈದು ವರ್ಷ ಅದೇ ಜಾಗದಲ್ಲಿ ಇರುತ್ತದೆ. ನೆಡುವಾಗ ತುಂಡಿನ ಬೇರು ಅದ್ದಿ, ಆಮೇಲೆ ವರ್ಷಕ್ಕೆ ಒಂದೆರಡು ಸಲ, ಕೊಯ್ಲು ಮುಗಿದು ನೀರು ಕೊಟ್ಟ ಮರುದಿನ ಕಲಸಿದ ಗೊಬ್ಬರ ಬುಡಕ್ಕೆ ಹಾಕಿ. ಯೂರಿಯಾ ಇಳಿಸಲು ಇಲ್ಲಿ ಜಾಸ್ತಿ ಅವಕಾಶ ಇದೆ.

ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕಲಸಿ ಮನೆಯಲ್ಲೇ ಮಾಡುವ ದ್ರವ) ಹಾಕುತ್ತೇನೆ, ಅದೂ ಇದೂ ಒಂದೇ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಜೀವಾಮೃತದಲ್ಲಿ ಸಗಣಿಯಲ್ಲಿದ್ದದ್ದು ಏನಿದೆಯೋ ಅದು ಬೆಳೆಯುತ್ತದೆ, ಇಲ್ಲಿ ಇಂಥದ್ದೇ ಜೀವಾಣು ಅಂತ ಆರಿಸಿ ತಂದಿರುತ್ತಾರೆ. ಎರಡನ್ನೂ ಹಾಕಬಹುದು, ಜಗಳ ಇಲ್ಲ. ಆದರೆ ಜೀವಾಮೃತ ಕೊಟ್ಟೆ ಅಂತ ಯೂರಿಯಾ ಲೆಕ್ಕದಿಂದ ಇನ್ನಷ್ಟು ಕಳೆಯಬೇಡಿ.

ಬೆಳೆ ತೆಗೆದ ಮೇಲೆ ಹೊಲ ಬೇಸಿಗೆಯಲ್ಲಿ ಕಾಯುತ್ತದೆ, ಹಾಕಿದ ಜೀವಾಣು ಬಹಳಷ್ಟು ಸಾಯುತ್ತದೆ. ಮುಂದಿನ ನಾಟಿಗೆ ಮತ್ತೆ ಹಾಕಬೇಕು, ಒಮ್ಮೆ ಹಾಕಿದರೆ ಸಾಕು ಅನ್ನುವ ಮಾತಿಲ್ಲ. ಒಡೆದ ಪ್ಯಾಕೆಟ್ ಮಡಚಿ ಮುಂದಿನ ವರ್ಷಕ್ಕೆ ಅಂತ ಇಡಬೇಡಿ. ಉಳಿದದ್ದನ್ನು ಹಿತ್ತಲ ಕರಿಬೇವಿನ ಬುಡಕ್ಕೋ ತುಳಸಿ ಕಟ್ಟೆಗೋ ಸಂಜೆ ಹೊತ್ತು ಹಾಕಿ, ಒಂದು ತಂಬಿಗೆ ನೀರು ಹುಯ್ಯಿರಿ.